ಲೆಕ್ಕಕ್ಕೂ ಯಂತ್ರಕ್ಕೂ ನಡುವೆ: ಚಾರ್ಲ್ಸ್ ಸ್ಟೈನ್‌ಮೆಟ್ಸನ ಜೀವನ

೧೯೦೨ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಯೋಜನೆಗೆ ಬೆನ್ನೆಲುಬಾಗಿ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರವರು ೧೯೦೧ರಲ್ಲಿಯೇ ತೀರಿಕೊಂಡಿದ್ದರಿಂದ ಆ ದಿನವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನಿಂದ ಬಂದುವು. ವಿದ್ಯುದ್ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಈ ಕಂಪನಿಯ ಮುಖ್ಯ ಕಾರ್ಖಾನೆ ನ್ಯೂಯಾರ್ಕ್ ಸಂಸ್ಥಾನದ ಷೆನೆಕ್ಟಡಿ ಎಂಬ ಊರಿನಲ್ಲಿತ್ತು. ಅದೇ ಊರಿನಲ್ಲಿ ಆಗ ನಾಲ್ಕಡಿ ಎತ್ತರದ, ಬೆನ್ನು ಗೂನಾದ, ಸದಾ ಚುಟ್ಟಾ ಸೇದುತ್ತಿದ್ದ ಒಬ್ಬ ಮನುಷ್ಯನಿದ್ದನು. ೧೯೦೧-೦೨ರ ಸಾಲಿನಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಘಕ್ಕೆ ಆತನೇ ಅಧ್ಯಕ್ಷ. ನಮ್ಮ ನಾಡಿಗೆ ಬಂದ ಯಂತ್ರಗಳನ್ನು ಆತನೇ ರಚಿಸಿದನೆಂದು ಹೇಳಲು ಬಾರದು. ಆದರೆ ಅಂಥ ಯಂತ್ರಗಳ ಗುಣವನ್ನು ಕಟ್ಟುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕುವುದು ಹೇಗೆ, ಲೆಕ್ಕವು ಯಂತ್ರದೊಡನೆ ಹೊಂದದೆ ಹೋದಾಗ ತಪ್ಪನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಒಂದು ತಲೆಮಾರಿನ ಎಂಜಿನಿಯರುಗಳಿಗೆ ಕಲಿಸಿದವನು ಈತನು. ಈತನೇ ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್.

ಸ್ಟೈನ್‌ಮೆಟ್ಸನು ೧೮೬೫ನೆಯ ಏಪ್ರಿಲ್ ೯ರಂದು ಆಗಿನ ಪ್ರಷ್ಯಕ್ಕೆ ಸೇರಿದ್ದ ಬ್ರೆಸ್ಲೌ ನಗರದಲ್ಲಿ ಹುಟ್ಟಿದನು. ಈ ನಗರ ಇಂದು ಪೋಲೆಂಡಿನಲ್ಲಿದ್ದು ವ್ರೊಟ್ಸ್‌ವಾಫ್ ಎಂದು ಕರೆಸಿಕೊಳ್ಳುತ್ತದೆ. ತಂದೆ ತಾಯಿಗಳು ಇಟ್ಟ ಹೆಸರು ಕಾರ್ಲ್ ಆಗಸ್ಟ್ ರುಡಾಲ್ಫ್. ತಂದೆಯು ರೈಲ್ವೆ ಕಚೇರಿಯಲ್ಲಿ ಶಿಲಾಮುದ್ರಣದ ಕೆಲಸದವನು. ಅವನ ಬೆನ್ನೂ ಗೂನು, ಅಜ್ಜನ ಬೆನ್ನೂ ಗೂನು. ಮಗುವಿಗೂ ಅದೇ ಬಳುವಳಿಯಾಗಿ ಬಂದಿತು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡಳು. ದೇಹ ಒಲಿಯದಿದ್ದರೂ ಸರಸ್ವತಿ ಒಲಿದಳು. ಹುಡುಗನು ಶಾಲೆಯಲ್ಲಿ ಮುಂದಾಗಿ, ಬ್ರೆಸ್ಲೌ ವಿಶ್ವವಿದ್ಯಾನಿಲಯವನ್ನು ಸೇರಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಓದಿದನು. ಅಲ್ಲಿನ ವಿದ್ಯಾರ್ಥಿ ಗೆಳೆಯರು ಅವನಿಗೆ ಪ್ರೋಟಿಯಸ್ ಎಂಬ ಅಡ್ಡಹೆಸರಿಟ್ಟರು. ಪ್ರೋಟಿಯಸ್ ಎಂದರೆ ಗ್ರೀಕರ ಪುರಾಣದಲ್ಲಿ ಬೇಕಾದ ರೂಪವನ್ನು ತಾಳಬಲ್ಲ, ಎಲ್ಲ ರಹಸ್ಯಗಳನ್ನೂ ಬಲ್ಲ, ಕಡಲಿನ ಗೂನು ಮುದುಕ. ಮುಂದೆ ಅಮೆರಿಕದಲ್ಲಿ ಪೌರತ್ವ ಪಡೆದಾಗ ಸ್ಟೈನ್‌ಮೆಟ್ಸನು ಕಾರ್ಲ್ ಎಂಬುದನ್ನು ಚಾರ್ಲ್ಸ್ ಎಂದು ಬದಲಿಸಿ, ಗೆಳೆಯರು ಕೊಟ್ಟ ಈ ಹೆಸರನ್ನು ನಡುವೆ ಸೇರಿಸಿಕೊಂಡನು.

ಅದು ಬಿಸ್ಮಾರ್ಕನ ಕಾಲ. ಜರ್ಮನಿಯಲ್ಲಿ ಸಮಾಜವಾದಿಗಳ ಚಟುವಟಿಕೆಗಳನ್ನು ಕಾನೂನು ತಡೆದಿತ್ತು. ಸ್ಟೈನ್‌ಮೆಟ್ಸನು ವಿದ್ಯಾರ್ಥಿಗಳ ಸಮಾಜವಾದಿ ಗುಂಪಿಗೆ ಸೇರಿ, ಒಂದು ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿದನು. ಪೋಲೀಸರ ಕಣ್ಣು ಬಿತ್ತು. ಡಾಕ್ಟರ್ ಪದವಿ ಕೈಗೆ ಬರಲು ಸ್ವಲ್ಪವೇ ಉಳಿದಿದ್ದಾಗ, ೧೮೮೮ರಲ್ಲಿ ಆತನು ಊರನ್ನೂ ತಂದೆಯನ್ನೂ ಪದವಿಯನ್ನೂ ಬಿಟ್ಟು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರಕ್ಕೆ ಓಡಿಹೋಗಬೇಕಾಯಿತು. ಅಲ್ಲಿನ ಪಾಲಿಟೆಕ್ನಿಕ್ಕಿನಲ್ಲಿ ಸ್ವಲ್ಪ ಕಾಲ ಯಂತ್ರಶಾಸ್ತ್ರವನ್ನು ಓದಿದನು. ೧೮೮೯ರಲ್ಲಿ ಆಸ್ಮುಸ್ಸೆನ್ ಎಂಬ ಗೆಳೆಯನೊಡನೆ ಹಡಗನ್ನೇರಿ ಅಮೆರಿಕಕ್ಕೆ ಹೊರಟನು.

ನ್ಯೂಯಾರ್ಕ್ ಬಂದರಿನಲ್ಲಿ ಅಧಿಕಾರಿಗಳು ಆತನನ್ನು ಕಂಡು ಹಿಂದೆಮುಂದೆ ನೋಡಿದರು. ಕುಳ್ಳು ದೇಹ, ಗೂನು ಬೆನ್ನು, ಕೈಯಲ್ಲಿ ಕಾಸಿಲ್ಲ, ಬಾಯಲ್ಲಿ ಇಂಗ್ಲಿಷಿಲ್ಲ. ಇಂಥವನು ದೇಶಕ್ಕೆ ಹೊರೆಯಾದಾನೆಂದು ಅವರ ಅಂದಾಜು. ಗೆಳೆಯನು ಮುಂದೆ ನಿಂತು, ಇವನ ಹೊಣೆ ನನ್ನದೆಂದು ಒಪ್ಪಿಕೊಂಡ ಮೇಲೆ ಆತನನ್ನು ಒಳಗೆ ಬಿಟ್ಟರು. ಹೊರಗಿನ ನಾಲ್ಕು ಗುರುತುಗಳಿಂದ ಒಳಗಿನ ಬಲವನ್ನು ಅಳೆಯಲು ಹೋದರೆ ಎಷ್ಟು ದೊಡ್ಡ ತಪ್ಪಾಗಬಹುದೆಂಬುದಕ್ಕೆ ಈ ಪ್ರಸಂಗಕ್ಕಿಂತ ಬೇರೆ ನಿದರ್ಶನ ಬೇಡ.

ನ್ಯೂಯಾರ್ಕಿನ ಪಕ್ಕದ ಯಾಂಕರ್ಸ್ ಎಂಬ ಊರಿನಲ್ಲಿ ರುಡಾಲ್ಫ್ ಐಕೆಮೈಯರ್ ಎಂಬ ಹಿರಿಯನು ಕಾರ್ಖಾನೆಯನ್ನು ನಡೆಸುತ್ತಿದ್ದನು. ಟೋಪಿ ಮಾಡುವ ಯಂತ್ರಗಳಿಂದ ಹೆಸರು ಗಳಿಸಿ, ಆ ಹೊತ್ತಿಗೆ ವಿದ್ಯುತ್ ಮೋಟಾರುಗಳ ಕಡೆಗೆ ತಿರುಗಿದ್ದವನು. ಅವನೂ ಜರ್ಮನಿಯಿಂದ ಬಂದವನೇ. ಸ್ಟೈನ್‌ಮೆಟ್ಸನಿಗೆ ಅಲ್ಲಿ ವಾರಕ್ಕೆ ೧೨ ಡಾಲರಿನ ಮೇಲೆ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಕೆಲಕಾಲದಲ್ಲಿಯೇ ಐಕೆಮೈಯರನು ಈ ಹುಡುಗನ ಯೋಗ್ಯತೆಯನ್ನು ಅರಿತು, ನಕ್ಷೆಯ ಮೇಜಿನಿಂದ ಎಬ್ಬಿಸಿ, ಒಂದು ಪುಟ್ಟ ಪ್ರಯೋಗಶಾಲೆಯನ್ನು ಅವನ ವಶಕ್ಕೆ ಕೊಟ್ಟನು.

ಆ ಪ್ರಯೋಗಶಾಲೆಯಲ್ಲಿ ನಡೆದುದನ್ನು ತಿಳಿಯಬೇಕಾದರೆ ಮೋಟಾರಿನ ಒಂದು ಮೂಲ ವಿಷಯವನ್ನು ಹೇಳಬೇಕು. ಕಲಾ ವಿಭಾಗದ ಮಿತ್ರರು ಇದಕ್ಕೆ ಅಂಜಬೇಕಾಗಿಲ್ಲ. ನಮ್ಮ ಮನೆಗಳ ರಾಗಿ ಬೀಸುವ ಕಲ್ಲನ್ನು ನೆನೆಯೋಣ. ಗೂಟವನ್ನು ಹಿಡಿದು ಕಲ್ಲನ್ನು ತಿರುಗಿಸುತ್ತೇವೆ. ಕೈ ಎಷ್ಟು ಬಲ ಹಾಕುತ್ತದೆ ಎಂಬುದೂ, ಗೂಟ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಸೇರಿ ಕಲ್ಲಿನ ತಿರುಗಾಟವನ್ನು ಗೊತ್ತುಪಡಿಸುತ್ತವೆ. ಇವೆರಡರ ಗುಣಲಬ್ಧವೇ ತಿರುಗಿಸುವ ಬಲ. ಎಂಜಿನಿಯರುಗಳು ಅದನ್ನು ಟಾರ್ಕ್ ಎನ್ನುತ್ತಾರೆ. ಮೋಟಾರನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದು ಈ ಟಾರ್ಕನ್ನೇ. ನಿಮಿಷಕ್ಕೆ ೧೪೪೦ ಸುತ್ತು ತಿರುಗುವ ೧೦ ಅಶ್ವಶಕ್ತಿಯ ಮೋಟಾರು ಸುಮಾರು ೪೯.೫ ನ್ಯೂಟನ್ ಮೀಟರ್ ಟಾರ್ಕನ್ನು ಕೊಡಬೇಕು. ಇದು ಹೊರಬರುವ ಶಕ್ತಿಯನ್ನು ವೇಗದಿಂದ ಭಾಗಿಸಿದರೆ ಸಿಗುವ ಸರಳ ಲೆಕ್ಕ. ಆದರೆ ತಂತಿಯ ಮೂಲಕ ಒಳಗೆ ಹೋದ ಶಕ್ತಿಯೆಲ್ಲವೂ ಕಂಬಿಯ ತುದಿಗೆ ಬರುವುದಿಲ್ಲ. ದಾರಿಯಲ್ಲಿ ತಾಮ್ರ ತನ್ನ ಪಾಲನ್ನು ತಿನ್ನುತ್ತದೆ, ಕಬ್ಬಿಣ ತನ್ನ ಪಾಲನ್ನು ತಿನ್ನುತ್ತದೆ, ಬೇರಿಂಗು ಮತ್ತು ಗಾಳಿ ತಮ್ಮ ಪಾಲನ್ನು ತಿನ್ನುತ್ತವೆ. ಈ ಪಾಲುಗಳನ್ನು ತಿಳಿಯದೆ ಟಾರ್ಕನ್ನು ಮೊದಲೇ ಹೇಳಲು ಸಾಧ್ಯವಿಲ್ಲ.

೧೮೯೦ರ ಸುಮಾರಿಗೆ ತಾಮ್ರದ ಪಾಲು ಗೊತ್ತಿತ್ತು. ಕಬ್ಬಿಣದ ಪಾಲು ಗೊತ್ತಿರಲಿಲ್ಲ. ಪರ್ಯಾಯ ಪ್ರವಾಹದಲ್ಲಿ ವಿದ್ಯುತ್ತು ಸೆಕೆಂಡಿಗೆ ಹಲವು ಬಾರಿ ದಿಕ್ಕು ಬದಲಿಸುತ್ತದೆ. ಅದರೊಡನೆ ಮೋಟಾರಿನ ಕಬ್ಬಿಣದ ಕಾಂತತ್ವವೂ ಅತ್ತಿಂದಿತ್ತ ಹೊರಳಬೇಕು. ಕಬ್ಬಿಣ ಸೋಮಾರಿ, ಹೊರಳುವಾಗ ಹಿಂದೆ ಬೀಳುತ್ತದೆ. ಈ ಹಿಂದೆ ಬೀಳುವ ಗುಣಕ್ಕೆ ಸ್ಕಾಟ್ಲೆಂಡಿನ ವಿಜ್ಞಾನಿ ಈವಿಂಗ್ ಎಂಬಾತನು ಹಿಸ್ಟೆರಿಸಿಸ್ ಎಂದು ಹೆಸರಿಟ್ಟಿದ್ದನು. ಪ್ರತಿ ಹೊರಳಿಗೂ ಸ್ವಲ್ಪ ಶಕ್ತಿ ಕಾವಾಗಿ ಹೋಗುತ್ತದೆ. ಎಷ್ಟು ಹೋಗುತ್ತದೆಂದು ಮೊದಲೇ ಹೇಳುವ ಸೂತ್ರವಿರಲಿಲ್ಲ. ಆದ್ದರಿಂದ ಎಂಜಿನಿಯರು ಯಂತ್ರವನ್ನು ಕಟ್ಟಿ, ಓಡಿಸಿ, ಅದು ಕಾದು ಸುಟ್ಟ ವಾಸನೆ ಬಂದ ಮೇಲೆ ತನ್ನ ಅಂದಾಜು ತಪ್ಪಿತೆಂದು ತಿಳಿಯುತ್ತಿದ್ದನು. ಕೆಲವರು ಹಿಂದಿನ ಅನುಭವದಿಂದ ಒಂದು ಸಂಖ್ಯೆಯನ್ನು ಹಿಡಿದು ಲೆಕ್ಕಕ್ಕೆ ಗುಣಿಸಿ ಸರಿದೂಗಿಸುತ್ತಿದ್ದರು. ಒಂದು ಯಂತ್ರಕ್ಕೆ ಸರಿಯಾದ ಆ ಸಂಖ್ಯೆ ಮತ್ತೊಂದಕ್ಕೆ ಕೈಕೊಡುತ್ತಿತ್ತು.

ಐಕೆಮೈಯರನ ಪರ್ಯಾಯ ಪ್ರವಾಹದ ಮೋಟಾರಿಗಾಗಿ ಲೆಕ್ಕ ಹಾಕಹೊರಟ ಸ್ಟೈನ್‌ಮೆಟ್ಸನಿಗೆ ಈ ಕೊರತೆ ಎದುರಾಯಿತು. ಮೊದಲು ಈವಿಂಗನು ಪ್ರಕಟಿಸಿದ್ದ ಅಳತೆಗಳನ್ನೇ ಹರಡಿಕೊಂಡು ಕುಳಿತು, ಅವುಗಳಲ್ಲಿ ಅಡಗಿದ್ದ ಕ್ರಮವನ್ನು ಕಂಡನು. ಕಾಂತತ್ವದ ಸಾಂದ್ರತೆಯನ್ನು ೧.೬ ಎಂಬ ಘಾತಕ್ಕೆ ಏರಿಸಿ, ಆಯಾ ಕಬ್ಬಿಣದ ಗುಣವನ್ನು ಸೂಚಿಸುವ ಒಂದು ಸ್ಥಿರಾಂಕದಿಂದ ಗುಣಿಸಿದರೆ ಒಂದು ಹೊರಳಿನ ನಷ್ಟ ಸಿಗುತ್ತದೆ. ಎಂದರೆ ಸಾಂದ್ರತೆಯು ಎರಡರಷ್ಟಾದರೆ ನಷ್ಟವು ಎರಡರಷ್ಟೂ ಅಲ್ಲ, ನಾಲ್ಕರಷ್ಟೂ ಅಲ್ಲ, ಸುಮಾರು ಮೂರರಷ್ಟಾಗುತ್ತದೆ. ಆಮೇಲೆ ತನ್ನದೇ ಪ್ರಯೋಗಗಳಿಂದ ಹಲವು ಬಗೆಯ ಕಬ್ಬಿಣ ಉಕ್ಕುಗಳನ್ನು ಪರೀಕ್ಷಿಸಿ ೧೮೯೨ರಲ್ಲಿ ಎಂಜಿನಿಯರುಗಳ ಸಂಘದ ಮುಂದೆ ತನ್ನ ಪ್ರಬಂಧವನ್ನು ಓದಿದನು. ಆಗ ಆತನಿಗೆ ೨೬ ವರ್ಷ. ಇಂಗ್ಲಿಷನ್ನು ಕಲಿತು ಮೂರು ವರ್ಷವೂ ತುಂಬಿರಲಿಲ್ಲ.

ಸೂತ್ರಕ್ಕಿಂತಲೂ ಆತನು ಅದನ್ನು ತಲುಪಿದ ದಾರಿ ಹೆಚ್ಚು ಗಮನಾರ್ಹವಾದುದು. ಕಬ್ಬಿಣದಲ್ಲಿ ಹಿಸ್ಟೆರಿಸಿಸ್ ಒಂದೇ ಕಳ್ಳನಲ್ಲ. ಕಾಂತತ್ವ ಬದಲಾಗುವಾಗ ಕಬ್ಬಿಣದೊಳಗೇ ಪುಟ್ಟ ಪುಟ್ಟ ಸುಳಿಪ್ರವಾಹಗಳು ಏಳುತ್ತವೆ. ಅವೂ ಶಕ್ತಿಯನ್ನು ಕಾವಾಗಿ ಕಳೆಯುತ್ತವೆ. ಅಳೆಯುವ ಸಲಕರಣೆಗೆ ಕಾಣುವುದು ಎರಡೂ ಕೂಡಿದ ಒಂದೇ ಮೊತ್ತ. ಇಬ್ಬರು ಕಳ್ಳರನ್ನು ಬೇರ್ಪಡಿಸುವುದು ಹೇಗೆ? ಅವರ ನಡತೆ ಬೇರೆ ಬೇರೆ ಎಂಬುದನ್ನು ಸ್ಟೈನ್‌ಮೆಟ್ಸನು ಹಿಡಿದುಕೊಂಡನು. ಒಂದು ಹೊರಳಿನಲ್ಲಿ ಹಿಸ್ಟೆರಿಸಿಸ್ ಕಳೆಯುವ ಶಕ್ತಿ, ಹೊರಳು ನಿಧಾನವಾಗಿರಲಿ ಬೇಗವಾಗಿರಲಿ, ಒಂದೇ ಸಮ. ಸುಳಿಪ್ರವಾಹ ಕಳೆಯುವ ಶಕ್ತಿಯಾದರೋ ಹೊರಳಿನ ವೇಗ ಹೆಚ್ಚಿದಂತೆ ಹೆಚ್ಚುತ್ತದೆ. ಸೆಕೆಂಡಿಗೆ ೨೫ ಆವರ್ತದಲ್ಲಿ ಒಂದು ಹೊರಳಿನ ನಷ್ಟ ೫ ಪಾಲು, ೫೦ ಆವರ್ತದಲ್ಲಿ ೬ ಪಾಲು ಎಂದು ಉದಾಹರಣೆಗಾಗಿ ಭಾವಿಸೋಣ. ವೇಗ ಇಮ್ಮಡಿಯಾದಾಗ ಒಂದು ಪಾಲು ಏರಿತು. ಹಾಗಾದರೆ ೨೫ ಆವರ್ತದಲ್ಲಿ ಸುಳಿಪ್ರವಾಹದ ಪಾಲು ೧, ೫೦ರಲ್ಲಿ ೨. ಎರಡರಲ್ಲೂ ಉಳಿಯುವ ೪ ಪಾಲು ಹಿಸ್ಟೆರಿಸಿಸ್ಸಿನದು. ಯಂತ್ರವನ್ನು ಕತ್ತರಿಸದೆ, ಅದನ್ನು ಬೇರೆ ಬೇರೆ ಸ್ಥಿತಿಯಲ್ಲಿ ಓಡಿಸಿ, ನಷ್ಟದ ನಡತೆಯನ್ನು ನೋಡಿ, ಪ್ರತಿಯೊಂದು ಕಾರಣಕ್ಕೂ ಅದರ ಪಾಲನ್ನು ಹಂಚುವುದು ಈ ವಿಧಾನದ ತಿರುಳು. ಲೆಕ್ಕಕ್ಕೂ ಯಂತ್ರಕ್ಕೂ ನಡುವಿನ ಅಂತರವನ್ನು ಒಂದು ಗುಣಕದಿಂದ ಮುಚ್ಚಿಬಿಡುವವರಿಗೂ ಈತನಿಗೂ ಇದ್ದ ವ್ಯತ್ಯಾಸ ಇದೇ.

೧೮೯೨ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಹುಟ್ಟಿತು. ಬೇಗನೆ ಅದು ಐಕೆಮೈಯರನ ವ್ಯವಹಾರವನ್ನು ಕೊಂಡಿತು. ಅದರೊಡನೆ ಸ್ಟೈನ್‌ಮೆಟ್ಸನೂ ಕಂಪನಿಗೆ ಬಂದನು. ಮೊದಲು ಲಿನ್ ಎಂಬ ಊರು, ೧೮೯೪ರಿಂದ ಷೆನೆಕ್ಟಡಿ. ೧೮೯೩ರಲ್ಲಿ ಷಿಕಾಗೋದಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಆತನ ಎರಡನೆಯ ದೊಡ್ಡ ಕೊಡುಗೆ ಬೆಳಕಿಗೆ ಬಂದಿತು. ಪರ್ಯಾಯ ಪ್ರವಾಹದ ಲೆಕ್ಕ ಅದುವರೆಗೆ ಕ್ಲಿಷ್ಟವಾದ ಕಲನಗಣಿತದ ಕಾಡು. ಋಣ ಒಂದರ ವರ್ಗಮೂಲವೆಂಬ, ಗಣಿತಜ್ಞರು ಕಾಲ್ಪನಿಕವೆಂದು ಕರೆದ ಸಂಖ್ಯೆಯನ್ನು ತೆಗೆದುಕೊಂಡು, ಅದರಿಂದ ಕೂಡು, ಕಳೆ, ಗುಣಿಸು, ಭಾಗಿಸು ಎಂಬ ಸಾಮಾನ್ಯ ಬೀಜಗಣಿತದಲ್ಲಿಯೇ ಆ ಲೆಕ್ಕಗಳನ್ನು ಮುಗಿಸುವ ರೀತಿಯನ್ನು ಸ್ಟೈನ್‌ಮೆಟ್ಸನು ಎಂಜಿನಿಯರುಗಳಿಗೆ ತೋರಿಸಿಕೊಟ್ಟನು. ಇದರಿಂದ ಒಂದು ಪ್ರವಾಹವನ್ನು ಪರಸ್ಪರ ಲಂಬವಾದ ಎರಡು ಅಂಶಗಳಾಗಿ ಒಡೆದು ನೋಡುವುದು ಸುಲಭವಾಯಿತು: ಒಂದು ಕೆಲಸ ಮಾಡುವ ಅಂಶ, ಇನ್ನೊಂದು ಕಾಂತತ್ವವನ್ನು ಎಬ್ಬಿಸಿ ಹಿಂತಿರುಗುವ ಅಂಶ. ಎರಡೂ ತಂತಿಯಲ್ಲಿ ಹರಿಯುತ್ತವೆ. ಆದ್ದರಿಂದ ಪ್ರವಾಹ ಹೆಚ್ಚಿದೆಯೆಂದ ಮಾತ್ರಕ್ಕೆ ಟಾರ್ಕ್ ಹೆಚ್ಚಿದೆಯೆಂದು ಹೇಳಲಾಗದು.

೧೮೯೭ರಲ್ಲಿ ಆತನ ಪರ್ಯಾಯ ಪ್ರವಾಹದ ಗ್ರಂಥ ಹೊರಬಂದಿತು. ಇಂಡಕ್ಷನ್ ಮೋಟಾರನ್ನು ಕೆಲವೇ ರೋಧಗಳೂ ಸುರುಳಿಗಳೂ ಇರುವ ಒಂದು ಸರಳ ಮಂಡಲವೆಂದು ಕಲ್ಪಿಸಿ ಅದರ ಟಾರ್ಕನ್ನು ಲೆಕ್ಕ ಹಾಕುವ ಪದ್ಧತಿ ಬಲವಾಗಿ ನೆಲೆಗೊಂಡದ್ದು ಆತನ ಇಂಥ ಬರಹಗಳಿಂದ. ಈ ಮಂಡಲ ಇಂದಿಗೂ ಪ್ರತಿ ಎಂಜಿನಿಯರಿಂಗ್ ಕಾಲೇಜಿನ ಪಾಠದಲ್ಲಿದೆ. ಅಷ್ಟೇ ಅಲ್ಲ, ಇಂದಿನ ಮೋಟಾರುಗಳನ್ನು ಆಳುವ ಪುಟ್ಟ ಗಣಕಗಳ ಒಳಗೂ ಇದೆ. ಅಲ್ಲಿಯೇ ಹಳೆಯ ತೊಡಕು ಹೊಸ ವೇಷದಲ್ಲಿ ಕಾಣಿಸಿಕೊಂಡಿರುವುದರಿಂದ, ಜೀವನಕಥೆಯನ್ನು ಸ್ವಲ್ಪ ನಿಲ್ಲಿಸಿ ಅದನ್ನು ನೋಡುವುದು ಉಚಿತ.

ಇಂದಿನ ವಿದ್ಯುತ್ ಬಸ್ಸು, ಮೆಟ್ರೋ ರೈಲು, ಲಿಫ್ಟು, ಕಾರ್ಖಾನೆಯ ಯಂತ್ರ ಇವುಗಳಲ್ಲಿ ಮೋಟಾರಿನ ಹಿಂದೆ ಡ್ರೈವ್ ಎಂಬ ಎಲೆಕ್ಟ್ರಾನಿಕ್ ನಿಯಂತ್ರಕವಿರುತ್ತದೆ. ಎಷ್ಟು ಟಾರ್ಕ್ ಬರುತ್ತಿದೆಯೆಂಬುದು ಅದಕ್ಕೆ ಕ್ಷಣಕ್ಷಣಕ್ಕೂ ತಿಳಿದಿರಬೇಕು. ಟಾರ್ಕನ್ನು ನೇರವಾಗಿ ಅಳೆಯುವ ಸಲಕರಣೆ ದುಬಾರಿಯಾದುದರಿಂದ ಸಾಮಾನ್ಯವಾಗಿ ಅದನ್ನು ಇಡುವುದಿಲ್ಲ. ಬದಲಿಗೆ ಪ್ರವಾಹವನ್ನು ಅಳೆದು, ವೋಲ್ಟನ್ನು ತಿಳಿದು, ಟಾರ್ಕನ್ನು ಲೆಕ್ಕದಿಂದ ಅಂದಾಜು ಮಾಡುತ್ತಾರೆ. ಪ್ರವಾಹವನ್ನು ಎರಡು ಲಂಬ ಅಂಶಗಳಾಗಿ ಒಡೆದು ಆಳುವ ಈ ವಿದ್ಯೆ ಷೆನೆಕ್ಟಡಿಯವನೇ ಆದ ಪಾರ್ಕ್ ೧೯೨೯ರಲ್ಲಿ ಕೊಟ್ಟ ಸೂತ್ರಗಳಿಂದ ಬೆಳೆದು, ೧೯೭೦ರ ಸುಮಾರಿಗೆ ಜರ್ಮನಿಯಲ್ಲಿ ಹಾಸ್ಸೆ ಮತ್ತು ಬ್ಲಾಷ್ಕೆ ಎಂಬವರ ಕೈಯಲ್ಲಿ ಬಳಕೆಯ ರೂಪ ಪಡೆಯಿತು. ೧೯೮೬ರಲ್ಲಿ ಜಪಾನಿನ ತಕಹಾಷಿ ಮತ್ತು ನೊಗುಚಿ ಇನ್ನೊಂದು ದಾರಿಯನ್ನು ತೋರಿದರು. ಯಾವ ದಾರಿಯಾದರೂ ಲೆಕ್ಕದ ಒಳಗೆ ಮೋಟಾರಿನ ಕೆಲವು ಸಂಖ್ಯೆಗಳನ್ನು ನಂಬಲೇಬೇಕು. ಆ ಸಂಖ್ಯೆ ಸುಳ್ಳಾದರೆ ಟಾರ್ಕೂ ಸುಳ್ಳು.

ಸಂಖ್ಯೆಗಳು ಸುಳ್ಳಾಗುವುದು ಹೇಗೆ? ತಾಮ್ರ ಕಾದರೆ ಅದರ ರೋಧ ಪ್ರತಿ ಡಿಗ್ರಿಗೂ ಶೇಕಡ ೦.೩೯ರಷ್ಟು ಹೆಚ್ಚುತ್ತದೆ, ೭೫ ಡಿಗ್ರಿ ಏರಿದರೆ ಸುಮಾರು ಶೇಕಡ ೩೦. ತಣ್ಣಗಿದ್ದಾಗ ಅಳೆದ ರೋಧವನ್ನೇ ಹಿಡಿದು ಕುಳಿತ ನಿಯಂತ್ರಕ, ಮಧ್ಯಾಹ್ನದ ಹೊತ್ತಿಗೆ ಬೇರೆ ಯಂತ್ರವನ್ನೇ ಲೆಕ್ಕ ಹಾಕುತ್ತಿರುತ್ತದೆ. ನಿಯೋಡಿಮಿಯಮ್ ಕಾಂತಗಳಿರುವ ಮೋಟಾರಿನಲ್ಲಿ ಕಾಂತದ ಬಲ ಡಿಗ್ರಿಗೆ ಸುಮಾರು ಶೇಕಡ ೦.೧ರಷ್ಟು ಇಳಿಯುತ್ತದೆ, ಆದ್ದರಿಂದ ಅದೇ ಪ್ರವಾಹಕ್ಕೆ ಟಾರ್ಕ್ ಕಡಮೆಯಾಗುತ್ತದೆ. ಭಾರ ಹೆಚ್ಚಿದಾಗ ಕಬ್ಬಿಣ ಕಾಂತತ್ವದಿಂದ ತುಂಬಿಹೋಗಿ, ಪ್ರವಾಹವನ್ನು ಹೆಚ್ಚಿಸಿದರೂ ಕಾಂತತ್ವ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಪ್ರವಾಹ ಅಳೆಯುವ ಸಲಕರಣೆ ಮೋಟಾರು ನಿಂತಿರುವಾಗಲೂ ಸೊನ್ನೆಯನ್ನು ತೋರಿಸದೆ ಅಲ್ಪಸ್ವಲ್ಪ ತೋರಿಸುತ್ತಿರಬಹುದು. ಒಂದೇ ಸಾಲಿನ ಎರಡು ಸ್ವಿಚ್ಚುಗಳು ಒಟ್ಟಿಗೆ ಆನ್ ಆಗಿ ಶಾರ್ಟ್ ಆಗದಿರಲೆಂದು ನಡುವೆ ಬಿಡುವ ಕೆಲವೇ ಮೈಕ್ರೋಸೆಕೆಂಡಿನ ಬಿಡುವಿನಿಂದ, ನಿಯಂತ್ರಕ ಕೇಳಿದ ವೋಲ್ಟು ಬೇರೆ, ಮೋಟಾರಿಗೆ ಸಿಕ್ಕಿದ ವೋಲ್ಟು ಬೇರೆಯಾಗುತ್ತದೆ.

ಇಷ್ಟು ಕಾರಣಗಳು ಕೂಡಿ ಒಂದೇ ತಪ್ಪಾಗಿ ಕಾಣುವಾಗ ಮಾಡಬೇಕಾದದ್ದು ಸ್ಟೈನ್‌ಮೆಟ್ಸನು ಕಬ್ಬಿಣಕ್ಕೆ ಮಾಡಿದ್ದನ್ನೇ. ಮೊದಲು, ಹೋಲಿಸುತ್ತಿರುವುದು ಒಂದೇ ವಸ್ತುವನ್ನೋ ಎಂದು ನೋಡಬೇಕು. ನಿಯಂತ್ರಕ ಹೇಳುವುದು ಸಾಮಾನ್ಯವಾಗಿ ಮೋಟಾರಿನೊಳಗೆ ಹುಟ್ಟಿದ ಟಾರ್ಕು. ಹೊರಗೆ ಅಳೆಯುವುದು ಬೇರಿಂಗು ಮತ್ತು ಗಾಳಿಗೆ ತೆರಿಗೆ ಕೊಟ್ಟು ಉಳಿದ ಟಾರ್ಕು. ಇವೆರಡರ ಅಂತರ ತಪ್ಪಲ್ಲ. ಆಮೇಲೆ ಮೋಟಾರಿನ ಹೆಸರು ಫಲಕದ ಸಂಖ್ಯೆಗಳನ್ನೂ ಧ್ರುವಗಳ ಎಣಿಕೆಯನ್ನೂ ಸ್ಟಾರ್ ಜೋಡಣೆಯೋ ಡೆಲ್ಟಾ ಜೋಡಣೆಯೋ ಎಂಬುದನ್ನೂ ಸರಿಯಾಗಿ ತುಂಬಿದೆಯೇ ಎಂದು ಪರೀಕ್ಷಿಸಬೇಕು. ಮೋಟಾರು ನಿಂತಿರುವಾಗ ಪ್ರವಾಹದ ಸೊನ್ನೆಯನ್ನು ನೋಡಬೇಕು. ತಣ್ಣಗಿದ್ದಾಗಲೂ ಕಾದಾಗಲೂ ರೋಧವನ್ನು ಅಳೆಯಬೇಕು. ಭಾರವಿಲ್ಲದೆ ಹಲವು ವೇಗಗಳಲ್ಲಿ, ಭಾರದೊಡನೆ ಹಲವು ಹೆಜ್ಜೆಗಳಲ್ಲಿ ಓಡಿಸಿ, ಅಂದಾಜಿನ ಟಾರ್ಕಿಗೂ ಅಳೆದ ಟಾರ್ಕಿಗೂ ಇರುವ ಅಂತರವನ್ನು ಬರೆದಿಡಬೇಕು.

ಆಗ ತಪ್ಪು ತಾನೇ ತನ್ನ ಹೆಸರನ್ನು ಹೇಳುತ್ತದೆ. ಭಾರ ಎಷ್ಟಿದ್ದರೂ ಅಂತರ ಒಂದೇ ಸಮನಾಗಿದ್ದರೆ ಘರ್ಷಣೆ ಅಥವಾ ಅಳತೆಯ ಸೊನ್ನೆಯ ದೋಷ. ಭಾರದೊಡನೆ ಅದೇ ಪ್ರಮಾಣದಲ್ಲಿ ಬೆಳೆದರೆ ಪ್ರವಾಹದ ಅಳತೆಗೋಲು ಅಥವಾ ಕಾಂತತ್ವದ ಸಂಖ್ಯೆ ತಪ್ಪು. ಭಾರೀ ಹೊರೆಯಲ್ಲಿ ಮಾತ್ರ ಬಾಗಿದರೆ ಕಬ್ಬಿಣ ತುಂಬಿದೆ. ವೇಗದೊಡನೆ ಬೆಳೆದರೆ ಕಬ್ಬಿಣದ ನಷ್ಟವೋ ಗಾಳಿಯ ತಡೆಯೋ ಲೆಕ್ಕದಿಂದ ಬಿಟ್ಟುಹೋಗಿದೆ. ಕಡಮೆ ವೇಗದಲ್ಲಿ ಮಾತ್ರ ಕಾಣಿಸಿಕೊಂಡರೆ ರೋಧವನ್ನೋ ಸ್ವಿಚ್ಚಿನ ಬಿಡುವನ್ನೋ ಸಂಶಯಿಸಬೇಕು. ಏಕೆಂದರೆ ಆ ವೇಗದಲ್ಲಿ ವೋಲ್ಟೇ ಅಲ್ಪ, ಅಲ್ಪದಲ್ಲಿ ಅಲ್ಪ ತಪ್ಪೂ ದೊಡ್ಡದು. ಬೆಳಗ್ಗೆ ಸರಿಯಾಗಿದ್ದು ಒಂದು ಗಂಟೆ ಓಡಿದ ಮೇಲೆ ಕೆಟ್ಟರೆ ಕಾವೇ ಕಾರಣ. ಇದನ್ನೆಲ್ಲ ಬಿಟ್ಟು, ಒಂದು ಭಾರದಲ್ಲಿ ಒಂದು ವೇಗದಲ್ಲಿ ಉತ್ತರ ಹೊಂದುವಂತೆ ಒಂದು ಗುಣಕವನ್ನು ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಒಂದು ಸ್ಥಿತಿಯ ಹೊರಗೆ ಲೆಕ್ಕ ಮತ್ತೆ ಸುಳ್ಳಾಗುತ್ತದೆ. ಇಳಿಜಾರಿನಲ್ಲಿ ನಿಂತ ಬಸ್ಸು, ಜನರನ್ನು ಹೊತ್ತು ನಿಂತ ಲಿಫ್ಟು ಆ ಸುಳ್ಳಿನ ಬೆಲೆಯನ್ನು ತೆರಬೇಕಾಗುತ್ತದೆ.

ಸ್ಟೈನ್‌ಮೆಟ್ಸನ ಸ್ವಂತ ಸೂತ್ರಕ್ಕೂ ಈ ನ್ಯಾಯ ಅನ್ವಯಿಸುತ್ತದೆ. ೧.೬ ಎಂಬ ಘಾತ ಆತನ ಕಾಲದ ಕಬ್ಬಿಣಕ್ಕೆ, ಮಿತವಾದ ಸಾಂದ್ರತೆಗೆ ಹೊಂದಿದ ಸಂಖ್ಯೆ. ಇಂದಿನ ವಸ್ತುಗಳಿಗೆ ಬೇರೆ ಘಾತಗಳು ಬೇಕು. ಇಂದಿನ ಡ್ರೈವುಗಳ ಒರಟು ಅಲೆಗಳಿಗೆ ಸೂತ್ರವನ್ನೇ ವಿಸ್ತರಿಸಬೇಕಾಯಿತು. ವಿಸ್ತರಿಸಿದ ಮೇಲೂ ಅದು ಸ್ಟೈನ್‌ಮೆಟ್ಸನ ಸಮೀಕರಣವೆಂದೇ ಕರೆಸಿಕೊಳ್ಳುತ್ತಿದೆ. ತಿದ್ದಲು ಎಡೆಗೊಡುವ ಸೂತ್ರ ಬಾಳುತ್ತದೆ.

ಇನ್ನು ಆತನ ಮುಂದಿನ ಬಾಳಿಗೆ ಬರೋಣ. ಕಂಪನಿಯ ಕೆಲಸದ ಜೊತೆಗೆ ೧೯೦೨ರಿಂದ ಷೆನೆಕ್ಟಡಿಯ ಯೂನಿಯನ್ ಕಾಲೇಜಿನಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಪ್ರಾಧ್ಯಾಪಕನಾದನು, ಸಂಬಳವನ್ನು ಬೇಡವೆಂದನು. ಬ್ರೆಸ್ಲೌನಲ್ಲಿ ಕೈತಪ್ಪಿದ ಡಾಕ್ಟರ್ ಪದವಿಯನ್ನು ಈ ಕಾಲೇಜು ೧೯೦೩ರಲ್ಲಿ ಗೌರವಪೂರ್ವಕವಾಗಿ ಕೊಟ್ಟಿತು. ತನ್ನ ಅಂಗವೈಕಲ್ಯ ಮಕ್ಕಳಿಗೂ ಬಂದೀತೆಂಬ ಅಂಜಿಕೆಯಿಂದ ಆತನು ಮದುವೆಯಾಗಲಿಲ್ಲ. ಆದರೆ ಮನೆ ಬರಿದಾಗಲಿಲ್ಲ. ತನ್ನ ಪ್ರಯೋಗಶಾಲೆಯ ಸಹಾಯಕನಾದ ಜೋಸೆಫ್ ಹೇಡನ್ ಎಂಬ ತರುಣನನ್ನು ದತ್ತು ಮಗನನ್ನಾಗಿ ಮಾಡಿಕೊಂಡನು. ಅವನೂ ಅವನ ಹೆಂಡತಿಯೂ ಅದೇ ಮನೆಯಲ್ಲಿ ನೆಲಸಿದರು. ಅವರ ಮೂವರು ಮಕ್ಕಳಿಗೆ ಸ್ಟೈನ್‌ಮೆಟ್ಸನೇ ಅಜ್ಜ. ಮನೆಯ ಗಾಜಿನ ತೋಟದಲ್ಲಿ ಕಳ್ಳಿಗಿಡಗಳನ್ನೂ ಸೀತಾಳೆ ಹೂಗಳನ್ನೂ ಬೆಳೆಸಿದನು. ಮೊಸಳೆಯ ಜಾತಿಯ ಪ್ರಾಣಿಗಳನ್ನೂ ಸಾಕಿದನು. ಬೇಸಗೆಯಲ್ಲಿ ಊರ ಹೊರಗಿನ ಹೊಳೆಯ ಮೇಲೆ ಒಂದು ಪುಟ್ಟ ದೋಣಿಯನ್ನು ತೇಲಿಬಿಟ್ಟು, ಅದಕ್ಕೆ ಅಡ್ಡಲಾಗಿ ಹಲಗೆಯಿಟ್ಟು, ಮಂಡಿಯೂರಿ ಕುಳಿತು ಲೆಕ್ಕ ಮಾಡುತ್ತಿದ್ದನು. ೧೯೧೪ರ ಮಾದರಿಯ ಅವನ ವಿದ್ಯುತ್ ಕಾರನ್ನು ಯೂನಿಯನ್ ಕಾಲೇಜು ಕಾಪಾಡಿಕೊಂಡಿದೆ.

ಯೌವನದಲ್ಲಿ ಊರು ಬಿಡಿಸಿದ ನಂಬಿಕೆಯನ್ನು ಆತನು ಕೊನೆಯವರೆಗೂ ಬಿಡಲಿಲ್ಲ. ಷೆನೆಕ್ಟಡಿಯಲ್ಲಿ ಸಮಾಜವಾದಿ ಮೇಯರು ಆರಿಸಿ ಬಂದಾಗ ಸ್ಟೈನ್‌ಮೆಟ್ಸನು ಅಲ್ಲಿನ ವಿದ್ಯಾಮಂಡಲಿಯ ಅಧ್ಯಕ್ಷನಾಗಿ, ಬಡವರ ಮತ್ತು ವಲಸೆ ಬಂದವರ ಮಕ್ಕಳ ಓದಿಗಾಗಿ ದುಡಿದನು. ೧೯೨೨ರಲ್ಲಿ ಸಂಸ್ಥಾನದ ಎಂಜಿನಿಯರ್ ಹುದ್ದೆಗೆ ಚುನಾವಣೆಗೆ ನಿಂತು ಸೋತನು. ಬಂಡವಾಳಗಾರರ ಕಂಪನಿಯಲ್ಲಿದ್ದುಕೊಂಡೇ ಸಮಾಜವಾದಿಯಾಗಿದ್ದ ಈತನ ಬಾಳಿನಲ್ಲಿ ವಿರೋಧವಿದೆಯೆಂದು ಕೆಲವರು ಭಾವಿಸಬಹುದು. ಆ ವಿರೋಧವನ್ನು ಆತನು ಅಡಗಿಸಿಡಲಿಲ್ಲವೆಂಬುದಂತೂ ನಿಜ.

ಬೇಸಗೆಯ ಆ ಬಿಡಾರಕ್ಕೆ ೧೯೨೦ರಲ್ಲಿ ಸಿಡಿಲು ಬಡಿದು ಕನ್ನಡಿಯೊಂದು ಒಡೆದು ಚೂರಾಯಿತು. ಆತನು ಚೂರುಗಳನ್ನು ಆರಿಸಿ, ಜೋಡಿಸಿ, ಸಿಡಿಲು ಹಾದ ಗುರುತನ್ನು ಅಭ್ಯಾಸ ಮಾಡಿದನು. ಅನಂತರ ಲಕ್ಷಕ್ಕೂ ಮೀರಿದ ವೋಲ್ಟಿನ ಕೃತಕ ಸಿಡಿಲನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿ, ವಿದ್ಯುತ್ ತಂತಿಗಳನ್ನು ಸಿಡಿಲಿನಿಂದ ಕಾಪಾಡುವ ಸಲಕರಣೆಗಳನ್ನು ಪರೀಕ್ಷಿಸಿದನು. ಪತ್ರಿಕೆಗಳು ಆತನನ್ನು ಷೆನೆಕ್ಟಡಿಯ ಮಾಂತ್ರಿಕನೆಂದು ಕರೆದುವು. ಕೆಟ್ಟ ಯಂತ್ರವೊಂದರ ಮೇಲೆ ಆತನು ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ದೋಷ ಅಲ್ಲಿಯೇ ಇದೆಯೆಂದು ತೋರಿಸಿ, ದೊಡ್ಡ ಮೊತ್ತದ ಬಿಲ್ಲನ್ನು ಕಳುಹಿಸಿದನೆಂಬ ಕಥೆ ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಕಥೆ ಸೊಗಸಾಗಿದೆ; ಕಥೆಯನ್ನು ಕೇಳಿದವರು ಗೆರೆಯನ್ನು ನೆನೆಯುತ್ತಾರೆ, ಗೆರೆಗೆ ಮುಂಚಿನ ಅಳತೆಗಳನ್ನು ಮರೆಯುತ್ತಾರೆ. ಆತನ ಪ್ರಬಂಧಗಳಲ್ಲಿ ಮಂತ್ರವಿಲ್ಲ. ಪುಟಗಟ್ಟಲೆ ಅಳತೆಯ ಪಟ್ಟಿಗಳಿವೆ.

೧೯೨೩ರ ಅಕ್ಟೋಬರ್ ೨೬ರ ಬೆಳಗ್ಗೆ ಸ್ಟೈನ್‌ಮೆಟ್ಸನು ತನ್ನ ಮನೆಯಲ್ಲಿಯೇ ಹಾಸಿಗೆಯ ಮೇಲೆ ಶಾಂತವಾಗಿ ತೀರಿಕೊಂಡನು. ೫೮ ವರ್ಷದ ಬಾಳು. ಸುಮಾರು ೨೦೦ ಪೇಟೆಂಟುಗಳು ಆತನ ಹೆಸರಿನಲ್ಲಿದ್ದುವು. ಷೆನೆಕ್ಟಡಿಯ ವೇಲ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ.

ನಮ್ಮಲ್ಲಿ ಹೆಚ್ಚಿನವರು ಮೋಟಾರನ್ನು ಕಟ್ಟುವವರಲ್ಲ. ಆದರೂ ಚರಿತ್ರೆಯನ್ನು ಓದುವವನೂ ಅರ್ಥಶಾಸ್ತ್ರವನ್ನು ಓದುವವನೂ ಒಂದಲ್ಲ ಒಂದು ಲೆಕ್ಕವನ್ನು, ಒಂದಲ್ಲ ಒಂದು ಅಂದಾಜನ್ನು ಕೈಯಲ್ಲಿ ಹಿಡಿದು ಲೋಕವನ್ನು ನೋಡುತ್ತಾನೆ. ಲೋಕ ಆ ಅಂದಾಜಿಗೆ ಹೊಂದದಿದ್ದಾಗ ಎರಡು ದಾರಿಗಳಿವೆ. ಉತ್ತರ ಹೊಂದುವಂತೆ ಒಂದು ಸಂಖ್ಯೆಯನ್ನು ತಿರುಚಿ ನೆಮ್ಮದಿಯಾಗಿರುವುದು ಒಂದು; ಅಂತರವನ್ನು ಬಿಡಿಸಿ, ಪ್ರತಿ ಪಾಲಿಗೂ ಅದರ ಕಾರಣವನ್ನು ಹುಡುಕುವುದು ಇನ್ನೊಂದು. ಎರಡನೆಯ ದಾರಿ ದೂರದ್ದು, ಬೆವರಿನದು. ನಾಲ್ಕಡಿಯ ದೇಹವನ್ನು ಹೊತ್ತ ಆ ಮನುಷ್ಯನು ಆ ದಾರಿಯಲ್ಲಿಯೇ ನಡೆದನು. ಆತನು ಅಳೆದ ದೂರವನ್ನು ಬಂದರಿನ ಅಧಿಕಾರಿಗಳ ಅಂದಾಜು ಕನಸಿನಲ್ಲಿಯೂ ಮುಟ್ಟಿರಲಿಲ್ಲ.